ಗದ್ದ ಮುಚ್ಚದ ಹೆಲ್ಮೆಟ್

ಆ ಹೆಲ್ಮೆಟ್ ಆರಿಸಿದವನು ರೋಶನ್ ಅಲ್ಲ, ನಾನು. ಅವನು ಬೇಡವೆಂದಿದ್ದ. ಅವನ ಅಕ್ಕ ಕೇಳಿದಾಗ ನಾನು ಅದನ್ನು ತಿರುಗಿಸಿ ಹೇಳಿದೆ — ಅವನಿಗೆ ಅದೇ ಬೇಕಿತ್ತು, ನಾನು ಬೇಡವೆಂದರೂ ಕೇಳಲಿಲ್ಲ ಎಂದು. ಇದನ್ನು ಬರೆಯಲು ಎಷ್ಟೋ ಸಲ ಕೂತಿದ್ದೇನೆ, ಎದ್ದು ಹೋಗಿದ್ದೇನೆ. ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ, ನೀರು ಕುಡಿಯುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಈ ಸಲ ಮುಗಿಸಿಯೇ ಏಳಬೇಕು.

ಎರಡು ಸಾವಿರದ ನಾಲ್ಕರ ಸುಮಾರಿನ ಮಾತು. ನಾನು ಮೈಸೂರಿನವನು, ಬ್ಯಾಂಕಿನವರು ನನ್ನನ್ನು ಕೊಚ್ಚಿಯ ಪಾಲಾರಿವಟ್ಟಂ ಶಾಖೆಗೆ ಹಾಕಿದ್ದರು. ರೋಶನ್ ಮಂಗಳೂರಿನ ಹುಡುಗ, ಕಾಕ್ಕನಾಡಿನ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ. ಎಡಪ್ಪಳ್ಳಿಯಲ್ಲಿ ಒಂದು ಮನೆಯ ಮಹಡಿಯನ್ನು ಇಬ್ಬರೂ ಸೇರಿ ಬಾಡಿಗೆಗೆ ಹಿಡಿದಿದ್ದೆವು. ತಾಯಿ ತೀರಿಕೊಂಡಾಗ ಅವನಿನ್ನೂ ಚಿಕ್ಕವನಂತೆ. ಬೆಳೆಸಿದ್ದು ಅಕ್ಕ ಲೀನಾ. ಅವರು ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದರು, ಮದುವೆಯಾಗಿರಲಿಲ್ಲ. ಅವನಿಗೆ ಏನೇ ಆಗಲಿ, ಜ್ವರ ಬಂದರೂ ಬಡ್ತಿ ಬಂದರೂ, ಮೊದಲ ಫೋನು ಅಲ್ಲಿಗೇ. ಕ್ರಮೇಣ ನನಗೂ ಅವರು ಲೀನಕ್ಕ ಆದರು.

ನನಗೆ ಹಳೇ ಗಾಡಿಗಳ ಹುಚ್ಚು. ನಿಂತಲ್ಲಿ ನಿಲ್ಲಲಾರದ ಸ್ವಭಾವ ನನ್ನದು. ಬುಲೆಟ್ ಹತ್ತಿದರೆ ಮಾತ್ರ ಒಳಗಿನದು ಸ್ವಲ್ಪ ತಣ್ಣಗಾಗುತ್ತಿತ್ತು. ಭಾನುವಾರ ಬೆಳಿಗ್ಗೆ ಮರೀನ್ ಡ್ರೈವಿನ ಹತ್ತಿರ ನಮ್ಮಂಥವರೇ ಏಳೆಂಟು ಜನ ಸೇರುತ್ತಿದ್ದೆವು. ಆ ಹುಚ್ಚನ್ನು ರೋಶನ್‌ಗೆ ಅಂಟಿಸಿದವನೂ ನಾನೇ. ಆಲುವಾದಲ್ಲಿ ಯಾರದೋ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಹಳೇ ಯೆಜ್ಡಿ ಬೈಕೊಂದನ್ನು ಅವನಿಗೆ ಕೊಡಿಸಿದೆ. ಟ್ಯಾಂಕಿಗೆ ಕೆನೆಬಣ್ಣ, ಅದರ ಮೇಲೆ ದಾಳಿಂಬೆ ಕೆಂಪಿನ ಪಟ್ಟಿ. ಸಿದ್ಧವಾದ ದಿನ ಅವನು ಅದರ ಸುತ್ತ ಸುಮ್ಮನೆ ನಗುತ್ತಾ ಸುತ್ತುತ್ತಿದ್ದ.

ಲೀನಕ್ಕ ಬೇಡವೆನ್ನಲಿಲ್ಲ. ಮುಂದಿನ ಶನಿವಾರ ರೈಲಿನಲ್ಲಿ ಬಂದರು, ಕೈಯಲ್ಲಿ ಒಂದು ದೊಡ್ಡ ಡಬ್ಬ. ಒಳಗೆ ಮುಖಪೂರ್ತಿ ಮುಚ್ಚುವ ಕಪ್ಪು ಹೆಲ್ಮೆಟ್. ಅದನ್ನು ಅವನ ತಲೆಗೆ ತಾವೇ ತೊಡಿಸಿ, ಪಟ್ಟಿ ಬಿಗಿದು, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ ಹೇಳಿದರು: "ಇದು ಹಾಕದೆ ಗಾಡಿ ಮುಟ್ಟಿದಿ ಅಂತ ಗೊತ್ತಾದ್ರೆ ನೋಡು ಮತ್ತೆ."

ಅವನು ಹಾಕುತ್ತಿದ್ದ. ನನಗೆ ಅದು ಸರಿಬರಲಿಲ್ಲ — ಈಗ ಹೇಳಲು ನಾಚಿಕೆಯಾಗುವ ಕಾರಣಕ್ಕೆ. ಭಾನುವಾರದ ಫೋಟೋಗಳಲ್ಲಿ ನಾವೆಲ್ಲ ಹಳೇ ಕಾಲದ ಸವಾರರ ಹಾಗೆ ಮುಖ ಬಿಟ್ಟು, ಗಾಗಲ್ ಏರಿಸಿ ನಿಂತಿರುತ್ತಿದ್ದೆವು. ನಡುವೆ ಇವನೊಬ್ಬ ಕರಿ ಮಡಕೆ ಹೊತ್ತವನಂತೆ. ಯೆಜ್ಡಿಯನ್ನು ನಾನು ಆರಿಸಿದ್ದೆ, ಬಣ್ಣ ನಾನು ಆರಿಸಿದ್ದೆ — ಚಿತ್ರ ಪೂರ್ತಿಯಾಗಬೇಕಿತ್ತು ನನಗೆ. ಗೆಳೆಯನೂ ನನ್ನ ಚಿತ್ರದ ಒಂದು ಭಾಗವಾಗಿಬಿಟ್ಟಿದ್ದ.

ಓಣಂ ರಜೆಗೆ ಇಬ್ಬರೂ ಗಾಡಿಯಲ್ಲೇ ತಿರುವನಂತಪುರಕ್ಕೆ ಹೋಗುವುದೆಂದು ಆಯಿತು. ಸಿದ್ಧವಾದ ಯೆಜ್ಡಿಯ ಮೇಲೆ ಅವನು ಅಕ್ಕನ ಮನೆಬಾಗಿಲಿಗೆ ಹೋಗಿ ಇಳಿಯಬೇಕು. ಹೊರಡುವ ಹಿಂದಿನ ವಾರ ನಾನು ಅವನನ್ನು ಪಾಲಾರಿವಟ್ಟಂನ ಅಂಗಡಿಗೆ ಎಳೆದುಕೊಂಡು ಹೋದೆ. ನನ್ನ ಹೆಲ್ಮೆಟ್ ಕೂಡ ಅಲ್ಲಿಂದಲೇ ತಂದದ್ದು.

ಆ ದಿನ ನಾನು ಎಷ್ಟು ಜಾಗ್ರತೆ ಮಾಡಿದೆ ಎಂದರೆ — ಅದನ್ನು ನೆನೆದಾಗಲೇ ಹೆಚ್ಚು ಸಂಕಟವಾಗುತ್ತದೆ. ಒಂದೊಂದನ್ನೂ ಅವನ ತಲೆಗೆ ಹಾಕಿಸಿ ನೋಡಿದೆ. ಹಣೆಯ ಮೇಲೆ ಬೆರಳು ತೂರದಷ್ಟು ಬಿಗಿ ಇರಬೇಕು, ಕೆನ್ನೆಯನ್ನು ಒತ್ತಬೇಕು ಆದರೆ ನೋಯಿಸಬಾರದು, ತಲೆ ತಿರುಗಿಸಿದರೆ ಹೆಲ್ಮೆಟ್ಟೂ ಜೊತೆಗೇ ತಿರುಗಬೇಕು. ಅವನ ಕನ್ನಡಕದ ಕಡ್ಡಿ ಕಿವಿಯ ಮೇಲೆ ಸಲೀಸಾಗಿ ಕೂರುತ್ತದೆಯೇ ನೋಡಿದೆ. ಒಳಗಿನ ಬಟ್ಟೆ ಬೆವರು ಹೀರುತ್ತದೆಯೇ, ಮುಂದಿನ ಗಾಜಿನ ಗುಂಡಿಗಳು ಗಟ್ಟಿಯಾಗಿವೆಯೇ, ಗದ್ದದ ಕೆಳಗಿನ ಪಟ್ಟಿ ಜಾರುತ್ತದೆಯೇ — ಎಲ್ಲ. ಕೊನೆಗೆ ಸಿಕ್ಕಿತು: ಕೆನೆಬಣ್ಣದ್ದು, ನಡುವೆ ಕೆಂಪು ಗೆರೆ. ಟ್ಯಾಂಕಿಗೆ ಹೇಳಿಮಾಡಿಸಿದಂತೆ.

ಕನ್ನಡಿಯ ಮುಂದೆ ನಿಂತು ಅವನು ಕೆಳಗಿನ ದವಡೆಯನ್ನು ಸವರಿಕೊಂಡ. "ಚಂದ ಉಂಟು ಮಾರಾಯ. ಆದ್ರೆ ಇಲ್ಲಿಗೆ ಎಂತ ಮಾಡುವುದು? ಹೈವೇ ಅಲ್ವಾ? ಅಕ್ಕ ಕೊಟ್ಟದ್ದೇ ಹಾಕ್ತೇನೆ ನಾನು."

"ಆ ಕರಿ ಮಡಕೇಲಿ ನಿನ್ನ ಕನ್ನಡಕಕ್ಕೆ ಆವಿ ಕೂರುತ್ತೆ, ರಸ್ತೆ ಕಾಣಲ್ಲ ಅಂತ ನೀನೇ ಅನ್ನಲ್ವೇನೋ?" ಅದು ನಿಜವೂ ಆಗಿತ್ತು. ಅವನು ಇನ್ನೂ ಅನುಮಾನಿಸುತ್ತ ನಿಂತದ್ದು ಕಂಡು ನಗುತ್ತ ಸೇರಿಸಿದೆ: "ತಲೆಗೆ ಹೆಲ್ಮೆಟ್ಟು, ಗದ್ದಕ್ಕೆ ದೇವರು. ನಡಿ."

ಅಂಗಡಿಯವನೂ ನಕ್ಕ. ರೋಶನ್ ನಗಲಿಲ್ಲ, ಆದರೆ ಕೊಂಡ. ನನ್ನ ಮಾತನ್ನು ತೆಗೆದುಹಾಕುವುದು ಅವನಿಗೆ ಆಗುತ್ತಿರಲಿಲ್ಲ — ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆ ಬೇಗ ಹೊರಟೆವು. ವೈಟ್ಟಿಲ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ನಾನು ಮುಂದೆ, ಅವನು ಹಿಂದೆ. ಆಲಪ್ಪುಳದಲ್ಲಿ ಚಹಾಕ್ಕೆ ನಿಂತಾಗ ಅವನ ಮುಖ ಗಾಳಿಗೆ ಕೆಂಪಾಗಿತ್ತು, ತುಟಿಗೆ ಹುಳ ಹೊಡೆದಿತ್ತು, ಖುಷಿಯಾಗಿದ್ದ. "ಗಾಳಿಯ ವಾಸನೆಯೇ ಬೇರೆ ಮಾರಾಯ," ಅಂದ. ಇದನ್ನೂ ಹೇಳಬೇಕು, ಅವನು ಖುಷಿಯಾಗಿದ್ದುದು ಸುಳ್ಳಲ್ಲ.

ಕೊಲ್ಲಂ ಕಳೆದ ಮೇಲೆ ನನಗೆ ಬೇಗ ತಲುಪುವ ಚಡಪಡಿಕೆ ಶುರುವಾಯಿತು. ಗಾಡಿಯನ್ನು ಜೋರಾಗಿ ಓಡಿಸಿದೆ. ನನ್ನನ್ನು ಹಿಡಿಯಲು ಅವನೂ ಓಡಿಸಿದ. ಆಟ್ಟಿಂಗಲ್ ಹತ್ತಿರದ ಒಂದು ತಿರುವಿನಲ್ಲಿ ರಸ್ತೆಯ ಮೇಲೆ ಜಲ್ಲಿ ಚೆಲ್ಲಿತ್ತು. ನಾನು ದಾಟಿದೆ. ಕನ್ನಡಿಯಲ್ಲಿ ನೋಡುತ್ತೇನೆ — ಯೆಜ್ಡಿ ಇದೆ, ಆಮೇಲೆ ಇಲ್ಲ.

ಅವನು ಮುಖ ಅಡಿಯಾಗಿ ಬಿದ್ದಿದ್ದ. ಹೆಲ್ಮೆಟ್ ತಲೆಯಲ್ಲೇ ಇತ್ತು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಎಷ್ಟು ಚೆನ್ನಾಗಿ ಆರಿಸಿದ್ದೆ ನೋಡಿ. ಪೆಟ್ಟೆಲ್ಲ ಗದ್ದಕ್ಕೆ.

ತಿರುವನಂತಪುರದ ಆಸ್ಪತ್ರೆಯಲ್ಲಿ ದವಡೆ ಎರಡು ಕಡೆ ಮುರಿದಿದೆ ಎಂದರು. ಮುಂದಿನ ಹಲ್ಲುಗಳು ಹೋಗಿದ್ದವು. ಶಸ್ತ್ರಚಿಕಿತ್ಸೆ ಮಾಡಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದರು. ಉಜ್ಜಿಹೋಗಿದ್ದ ಎರಡು ಅಂಗೈಗೂ ಕಟ್ಟು. ಮಾತೂ ಇಲ್ಲ, ಬರೆಯಲೂ ಆಗದು, ಕಣ್ಣೊಂದೇ. ನಾನು ಅವನ ಪಕ್ಕ ಬಿಟ್ಟು ಅಲ್ಲಾಡಲಿಲ್ಲ. ಹಾಗೆ ಕೂತದ್ದೇ ಆಮೇಲೆ ನನ್ನ ಸುಳ್ಳಿಗೆ ಬಲ ಕೊಟ್ಟಿತು.

ಮರುದಿನ ಲೀನಕ್ಕ ಅವನ ಸಾಮಾನುಗಳ ನಡುವೆ ಕೆನೆಬಣ್ಣದ ಹೆಲ್ಮೆಟ್ ಕಂಡರು. ಮಂಚದ ಆಚೆ ಬದಿಯಿಂದ ಕೇಳಿದರು:

"ನಾನು ಕೊಟ್ಟದ್ದು ಎಲ್ಲಿ ಸುಧೀ?"

ಕೋಣೆಯಲ್ಲಿ ನಾವು ಮೂವರೇ. ನಿಜ ಹೇಳಲು ಬಾಯಿ ತೆರೆದೆ ಎಂದುಕೊಂಡಿದ್ದೇನೆ — ತೆರೆದೆನೇ? ನನಗೆ ಕೇಳಿಸಿದ ನನ್ನ ದನಿ ಇದು: "ಅವನಿಗೆ ಇದೇ ಬೇಕಿತ್ತು ಅಕ್ಕ. ನಾನು ಬೇಡ ಅಂದೆ. ಕೇಳಲಿಲ್ಲ."

ರೋಶನ್ ಎಚ್ಚರವಾಗಿದ್ದ. ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ನಾನು ಈಗಲೇ ತಿದ್ದಿಕೊಳ್ಳುತ್ತೇನೆ ಎಂದು ಕಾಯುವವನ ನೋಟ. ನಾನು ಔಷಧಿ ತರುತ್ತೇನೆಂದು ಎದ್ದುಹೋದೆ. ಬಾಗಿಲು ದಾಟುವಾಗ ಲೀನಕ್ಕ ಅವನಿಗೆ ಹೇಳುತ್ತಿದ್ದುದು ಕೇಳಿಸಿತು: "ಇವನ ಮಾತಾದರೂ ಕೇಳಬಾರದಿತ್ತಾ ರೋಶು?"

ಆಮೇಲೆ ಅವನು ಕೊಚ್ಚಿಗೆ ಮರಳಲಿಲ್ಲ. ತಿರುವನಂತಪುರದಲ್ಲೇ ಕೆಲಸ ಹುಡುಕಿಕೊಂಡು ಅಕ್ಕನ ಜೊತೆ ಉಳಿದ. ಯೆಜ್ಡಿ ಮಾರಿಹೋಯಿತು. ನನ್ನ ಫೋನು ಅವನು ಎತ್ತುತ್ತಿರಲಿಲ್ಲ. ಫೋನು ಮಾಡುತ್ತಿದ್ದವರು ಲೀನಕ್ಕ. ಅವನು ಕಂಪನಿ ಬದಲಾಯಿಸಲೇ ಎಂದಾಗ, ಬೇರೆ ಮನೆ ಮಾಡಬೇಕೆಂದಾಗ — "ನೀನೇನಂತೀ ಸುಧೀ? ಅವನ ಮಾತು ಕೇಳಿದ್ರೆ ನನಗೆ ಧೈರ್ಯ ಬರುವುದಿಲ್ಲ." ನಾನು ಸಲಹೆ ಕೊಡುತ್ತಿದ್ದೆ. ಹೌದು, ಕೊಡುತ್ತಿದ್ದೆ. ಗಂಭೀರವಾಗಿ, ಯೋಚಿಸಿ, ಹಿರಿಯಣ್ಣನಂತೆ.

ಅವನಿಗೆ ಅಂಜು ಎಂಬ ಹುಡುಗಿ ಮೆಚ್ಚುಗೆಯಾದಳು. ಮಲಯಾಳಿ, ಕ್ರೈಸ್ತರಲ್ಲೇ ಬೇರೆ ಪಂಗಡದ ಚರ್ಚಿನವಳು. ಲೀನಕ್ಕನಿಗೆ ಚರ್ಚಿನ ತಕರಾರು ಅಷ್ಟಿರಲಿಲ್ಲ. "ಒಳ್ಳೆಯವಳು ಅಂತಾನೆ. ಇವನು ಹೇಳಿದ್ದನ್ನು ನಾನು ಹೇಗೆ ನಂಬಲಿ?" ಎಂದು ಕೇಳಿದರು. ನಾನು ಆ ಹುಡುಗಿಯನ್ನು ಕಂಡವನಲ್ಲ. "ಸ್ವಲ್ಪ ತಡೀರಿ ಅಕ್ಕ," ಎಂದೆ. ಯಾಕೆ ಹಾಗೆಂದೆ ಎಂದು ಎಷ್ಟೋ ವರ್ಷ ನನ್ನನ್ನೇ ಕೇಳಿಕೊಳ್ಳಲಿಲ್ಲ. ಈಗ ಗೊತ್ತು. ಅಕ್ಕತಮ್ಮ ಮನಸ್ಸು ಬಿಚ್ಚಿ ಮಾತಾಡುವ ದಿನ ಬಂದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಅವರ ನಡುವೆ ಒಂದಷ್ಟು ಅನುಮಾನ ಇರುವುದು ನನಗೆ ಬೇಕಿತ್ತು.

ಒಂದು ಮಧ್ಯಾಹ್ನ ರೋಶನ್ ಬ್ಯಾಂಕಿಗೆ ಬಂದ. ದವಡೆ ತುಸು ಒಂದು ಕಡೆಗೆ ವಾಲಿತ್ತು, ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಹೊರಗೆ ಕರೆದುಕೊಂಡು ಹೋದೆ. ಚಹಾ ಬೇಡವೆಂದ.

"ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು," ಅಂದ. ಆ 'ನಿಮ್ಮಿಂದ' ಕೇಳಿ ನಾನು ಅವನ ಮುಖ ನೋಡಿದೆ. "ಅಕ್ಕನ ಹತ್ರ ಒಮ್ಮೆ ನಿಜ ಹೇಳಿ. ಹೆಲ್ಮೆಟ್ಟಿನದ್ದು ಹೋಗ್ಲಿ, ಅದಕ್ಕಲ್ಲ. ಅವಳು ನನ್ನ ಯಾವ ಮಾತೂ ನಂಬುವುದಿಲ್ಲ ಈಗ. ನಾನು ಹೇಳಿದ್ರೆ ಆಗುವುದಿಲ್ಲ. ನೀವೇ ಹೇಳ್ಬೇಕು."

ಅವನು ಬೇಡಲಿಲ್ಲ, ಬಯ್ಯಲಿಲ್ಲ. ನಾನು ಬೀದಿಯ ಕಡೆ ನೋಡುತ್ತ ಹೇಳಿದೆ: "ಹಳೇದನ್ನೆಲ್ಲ ಈಗ ಯಾಕೋ ಕೆದಕೋದು?"

ಅವನು ತಲೆಯಾಡಿಸಿದ. ಬಸ್ಸಿನ ಕಡೆ ನಡೆದುಹೋದ. ಮೊದಲ ಸುಳ್ಳು ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಎಂದಾದರೂ ಹೇಳಿಕೊಳ್ಳಬಹುದು. ಇದಕ್ಕೆ — ಇದಕ್ಕೆ ಏನೆನ್ನಲಿ.

ಅಕ್ಕ ಇಲ್ಲದೆಯೇ ಅವನ ಮದುವೆಯಾಯಿತು, ರಿಜಿಸ್ಟ್ರಾರ್ ಕಚೇರಿಯಲ್ಲಿ. ಅವನೂ ಅಂಜುವೂ ಕೊಚ್ಚಿಗೆ ಬಂದು ನೆಲೆಸಿದರು ಎಂದು ಕೇಳಿದೆ. ಲೀನಕ್ಕ ಅವನ ಹೆಸರೆತ್ತುವುದನ್ನೇ ಬಿಟ್ಟರು. ನಾನು ಮೈಸೂರಿಗೆ ವರ್ಗ ಮಾಡಿಸಿಕೊಂಡೆ.

ಮತ್ತೆ ಅವರ ಫೋನು ಬಂದದ್ದು ಎರಡು ಸಾವಿರದ ಒಂಬತ್ತರಲ್ಲಿ. ರೋಶನ್‌ಗೆ ಮಗಳು ಹುಟ್ಟಿದ್ದಳು. ಜ್ಞಾನಸ್ನಾನಕ್ಕೆ ಬರಬೇಕೆಂದು ಅಂಜು ತಾನೇ ಕರೆದಿದ್ದಳು. "ಹೋಗ್ಲಾ, ಬೇಡ್ವಾ? ನೀನು ಹೇಳು ಸುಧೀ. ನಂಬಿಕೆಯ ಮನುಷ್ಯ ಅಂತ ನನಗೆ ನೀನೊಬ್ಬನೇ."

ಬರುತ್ತೇನೆ, ಎದುರಿಗೆ ಕೂತು ಹೇಳುತ್ತೇನೆ ಎಂದಷ್ಟೇ ಅಂದೆ. ರೈಲಿನಲ್ಲಿ ಸೀಟಿನಲ್ಲಿ ಕೂರಲಾಗದೆ ಬಾಗಿಲ ಬಳಿ ಹೋಗಿ ಹೋಗಿ ನಿಂತೆ. ಕೊಚ್ಚಿಯಲ್ಲಿ ರೈಲು ನಿಂತಾಗ ಇಳಿದುಬಿಡಲೇ, ಮೊದಲು ಅವನ ಕಾಲು ಹಿಡಿಯಲೇ ಎನ್ನಿಸಿತು. ಇಳಿಯಲಿಲ್ಲ. ಅವನು ಕೇಳಿದ್ದು ಅದನ್ನಲ್ಲವಲ್ಲ.

ಲೀನಕ್ಕನ ಮನೆಯಲ್ಲಿ ಚಪ್ಪಲಿ ಬಿಟ್ಟು, ಅವರು ಕೂರೆನ್ನುವ ಮೊದಲೇ ಎಲ್ಲ ಹೇಳಿದೆ. ಅಂಗಡಿ, ಕನ್ನಡಿ, ದೇವರ ಮೇಲೆ ನಾನು ಮಾಡಿದ ತಮಾಷೆ, ಆಸ್ಪತ್ರೆ, ಬ್ಯಾಂಕಿಗೆ ಅವನು ಬಂದದ್ದು. ಅವರು ಬಾಗಿಲಿಗೆ ಒರಗಿ ನಿಂತೇ ಕೇಳಿದರು. ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಅದು ನನ್ನನ್ನು ಹೆದರಿಸಿತು.

"ಅವನು ಹೇಳಿದ್ದ," ಅಂದರು ಕೊನೆಗೆ. "ಬಾಯಿಯ ತಂತಿ ತೆಗೆದ ದಿನವೇ. ಮೊದಲು ಮಾತಾಡಿದ್ದೇ ಅದು."

ನನ್ನ ಕಡೆ ನೋಡದೆ ಅವರೇ ಮುಂದುವರಿಸಿದರು.

"ನಾನು ನಂಬಲಿಲ್ಲ. ಊಟ ನಿದ್ದೆ ಬಿಟ್ಟು ನಿನ್ನ ಪಕ್ಕ ಕೂತವನ ಮೇಲೆ ತಪ್ಪು ಹೊರಿಸ್ತೀಯಾ, ನಾಚಿಕೆ ಆಗುವುದಿಲ್ವಾ ನಿನಗೆ — ಹೀಗೆ ಬೈದೆ. ಸರಿಯಾಗಿ ಬಾಯಿ ತೆರೆಯಲಿಕ್ಕೂ ಆಗ್ತಿರಲಿಲ್ಲ ಅವನಿಗೆ. ಮತ್ತೆ ಆ ಮಾತು ಅವನು ಎತ್ತಲೇ ಇಲ್ಲ."

ನಾನು ಕ್ಷಮೆ ಎಂಬ ಮಾತಿಗೆ ಶುರುಮಾಡಿದೆ. ಅವರು ಕೈಯೆತ್ತಿ ತಡೆದರು. ಮೇಜಿನ ಮೇಲಿದ್ದ ಫೋನು ತೆಗೆದುಕೊಂಡು ನಂಬರು ಒತ್ತಿ ಕಿವಿಗೆ ಹಿಡಿದರು. ರಿಂಗಾಗಿ ನಿಂತಿತು. ಮತ್ತೆ ಒತ್ತಿದರು. ನಾನು ಇನ್ನೂ ಅಲ್ಲೇ ನಿಂತಿರುವುದು ಆಗ ಅವರಿಗೆ ನೆನಪಾದಂತಿತ್ತು.

"ನೀನು ಹೋಗು ಸುಧೀ," ಅಂದರು, ಫೋನು ಕಿವಿಯಿಂದ ತೆಗೆಯದೆ. "ಇನ್ನು ಇದರಲ್ಲಿ ನೀನು ಬೇಡ."

ಬಾಗಿಲನ್ನು ನಾನೇ ಎಳೆದುಕೊಂಡು ಮೆಟ್ಟಿಲಿಳಿದೆ. ಆ ಫೋನನ್ನು ಅವನು ಎತ್ತಿದನೋ, ಅವರು ಜ್ಞಾನಸ್ನಾನಕ್ಕೆ ಹೋದರೋ, ಮಗುವನ್ನು ಎತ್ತಿಕೊಂಡರೋ — ನನಗೆ ಗೊತ್ತಿಲ್ಲ. ತಿಳಿದುಕೊಳ್ಳಲು ದಾರಿಗಳಿಲ್ಲದೆ ಇಲ್ಲ. ಕೊಚ್ಚಿಯಲ್ಲಿ ಈಗಲೂ ಪರಿಚಯದವರಿದ್ದಾರೆ, ಒಂದು ಮಾತು ಕೇಳಿದರೆ ಸಾಕು. ಕೇಳಿಲ್ಲ. ಕೇಳುವುದಿಲ್ಲ.