ಒನ್ಸ್ ಮೋರ್ ಅಂದರೆ ಸತ್ತವನು ಏಳಬೇಕು

ಹೆದರಿಕೆ ನನಗೆ ಹುಟ್ಟುಗುಣ. ಅರಕಲಗೂಡಿನ ಗೊಬ್ಬರದಂಗಡಿಯಲ್ಲಿ ಸಂಬಳಕ್ಕಿರುವ ನಾನು ಮೂಟೆ ಹೊರಲು ಹೆದರುವುದಿಲ್ಲ. ಕೊಂಡವರು ‘ತೂಕ ಸರಿಯಾಗದ್ಯಾ?’ ಎಂದರೆ ಮಾತ್ರ, ತೂಕ ಸರಿಯಿದ್ದರೂ ಬೆವರುತ್ತೇನೆ. ಇಂಥವನು ಹಾಸನದ ರಂಗಮಂದಿರದಲ್ಲಿ ಕತ್ತಿ ಹಿಡಿದು ಸೇನಾಪತಿಯಾದದ್ದು ಹೇಗೆಂದರೆ, ‘ಆಗೋದಿಲ್ಲ’ ಎನ್ನಲೂ ಹೆದರಿದ್ದರಿಂದ.

ಪಾತ್ರ ಮಾಡು ಎಂದವರು ದ್ಯಾವಯ್ಯ ಮೇಷ್ಟ್ರು. ಸ್ಕೂಲ್ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು, ಮಲ್ಲಿಪಟ್ಟಣದ ಕಡೆಯವರು. ಕಾಲಲ್ಲಿ ತುಳಿದು ಕೈಯಲ್ಲಿ ನುಡಿಸುವ ದೊಡ್ಡ ಹಾರ್ಮೋನಿಯಂ ಒಂದನ್ನು ಎತ್ತಿನ ಗಾಡಿ, ಬಸ್ಸಿನ ಟಾಪು, ಟೆಂಪೋ, ಸಿಕ್ಕಿದ್ದರ ಮೇಲೆ ಹೇರಿಕೊಂಡು ಊರೂರು ತಿರುಗುತ್ತಿದ್ದರು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಎಲ್ಲ ಕಡೆಯೂ ಮೂವತ್ತು ವರ್ಷದಿಂದ ಕಲಿಸಿದ್ದು ಒಂದೇ ನಾಟಕ: ‘ಚಂಡಸೇನ ಪರಾಭವ’. ಅವರೇ ಕಟ್ಟಿದ್ದು. ಮಾತು ಕಮ್ಮಿ, ಹಾಡು ಜಾಸ್ತಿ. ನಾಟಕವನ್ನು ಕಣ್ಣಲ್ಲಿ ನೋಡದ ಹೆಂಗಸರೂ ನಾಟಿ ಹಾಕುವಾಗ ಅದರ ಹಾಡು ಗುನುಗುತ್ತಿದ್ದರು. ಕಥೆ ಎಲ್ಲರಿಗೂ ಗೊತ್ತು, ಯಾರು ಸಾಯುತ್ತಾರೆಂದೂ ಗೊತ್ತು. ಆದರೂ ಜನ ಚಾಪೆ ತಂದು ಜಾಗ ಹಿಡಿಯುತ್ತಿದ್ದರು.

ಮೇಷ್ಟ್ರು ಹಾಡು ಕಲಿಸುತ್ತಿದ್ದ ರೀತಿಯೇ ಬೇರೆ. ಕಲಿಯುವವನ ಕೆಲಸದ ಜಾಗಕ್ಕೇ ಬಂದು ನಿಲ್ಲುತ್ತಿದ್ದರು. ಖಳರಾಜ ಚಂಡಸೇನನ ಪಾತ್ರದ ಪುಟ್ಟರಾಜು ಟ್ರಾಕ್ಟರ್ ಇಟ್ಟುಕೊಂಡಿದ್ದ ಭಾರಿ ಆಳು. ಅವನ ಟ್ರಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು, ಇಂಜಿನ್ ಸದ್ದನ್ನೇ ಶ್ರುತಿ ಮಾಡಿಕೊಂಡು ಕಲಿಸಿದರು. ಅವನ ಕೈಯಲ್ಲಿ ಸಾಯುವ ಸೇನಾಪತಿಯಾದ ನನಗೆ ಅಂಗಡಿಯ ಗೋಡೌನಿನಲ್ಲಿ. ಮೂಟೆ ಎತ್ತುವಾಗ ಪಲ್ಲವಿ, ಇಳಿಸುವಾಗ ಉಸಿರು.

‘ನಂಗೇ ಯಾಕೆ ಮೇಷ್ಟ್ರೇ ಸಾಯೋ ಪಾತ್ರ?’ ಎಂದು ಒಮ್ಮೆ ಕೇಳಿದೆ.

‘ನಿನ್ ದನಿ ಮೊದ್ಲೇ ಸಾಯೋನ್ ದನಿ ಇದ್ದಂಗದೆ ಕಣ್ಲಾ ಮಂಜ. ನಂಗೆ ಅರ್ಧ ಕೆಲ್ಸ ಉಳೀತು.’

ಈ ನಾಟಕಗಳಲ್ಲಿ ಒಂದು ಕಟ್ಟಳೆಯುಂಟು. ಹಾಡು ಹಿಡಿಸಿದರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ಕೂಗಿದರೆ ಹಾಡಲೇಬೇಕು. ಸಾಯುವ ಹಾಡಾದರೆ ಸತ್ತವನು ಎದ್ದು, ಇನ್ನೊಮ್ಮೆ ಕತ್ತಿಯಿಂದ ತಿವಿಸಿಕೊಂಡು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು. ಎದ್ದೇಳದಿದ್ದರೆ ಕೂಗಿದವರಿಗೂ ಅವಮಾನ, ಹಾರ್ಮೋನಿಯಂ ಮುಂದೆ ಕೂತ ಮೇಷ್ಟ್ರಿಗೂ ಅವಮಾನ. ನನಗೆ ಈ ಬಗ್ಗೆ ಚಿಂತೆಯಿರಲಿಲ್ಲ. ನನ್ನ ಹಾಡಿಗೆ ಒನ್ಸ್ ಮೋರ್ ಎನ್ನುವ ಧೈರ್ಯ ಯಾರಿಗಿದೆ?

ನಾಟಕಕ್ಕೆ ಹತ್ತು ದಿನ ಇರುವಾಗ ಗೋಡೌನಿನಲ್ಲಿ ಪಲ್ಲವಿ ಹೇಳಿಕೊಡುತ್ತಿದ್ದ ಮೇಷ್ಟ್ರು ಇದ್ದಕ್ಕಿದ್ದಂತೆ ಮೂಟೆಯ ಮೇಲೆ ಕುಸಿದು ಎದೆ ಹಿಡಿದುಕೊಂಡರು. ಮುಖವೆಲ್ಲ ಬೂದಿಬಣ್ಣ. ನನ್ನ ಕೈಕಾಲು ಅವರಿಗಿಂತ ಮೊದಲು ತಣ್ಣಗಾದವು. ಓನರಿನ ಓಮ್ನಿಯಲ್ಲಿ ಹಾಸನಕ್ಕೆ ಕರೆದೊಯ್ದೆ. ಡಾಕ್ಟರು ಇಸಿಜಿ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಅವರನ್ನು ಬಿಟ್ಟು ನನ್ನ ಮುಖ ನೋಡಿದರು.

‘ಹಾರ್ಟ್ ತುಂಬ ವೀಕಾಗಿದೆ. ಪೆಡಲ್ ತುಳಿಯೋದು, ಗಂಟಲು ಹರಿಯೋ ಹಾಗೆ ಹಾಡೋದು, ಎರಡೂ ಇವತ್ತಿಗೆ ಬಂದ್. ಮೈಸೂರಿಗೆ ಹೋಗಿ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ. ತಡ ಮಾಡಬೇಡಿ.’

‘ಆಗ್ಲಿ ಸಾ’ ಎಂದರು ಮೇಷ್ಟ್ರು, ಯಾವುದೋ ಮದುವೆಗೆ ಕರೆದವರಿಗೆ ಹೇಳುವಂತೆ.

ಊರಿಗೆ ಬಂದವರೇ ನನ್ನನ್ನು ಹಾರ್ಮೋನಿಯಂ ಹತ್ತಿರ ಎಳೆದುಕೊಂಡು ಹೋದರು. ‘ಪೆಟ್ಗೆ ಮುಟ್ಟಿ ಆಣೆ ಮಾಡು. ಈ ನಾಟ್ಕ ಮುಗಿಯೋಗಂಟ ಯಾರ್ಗೂ ಯೋಳಾಕಿಲ್ಲ ಅನ್ನು. ಮಾದಮ್ಮಂಗಂತೂ ಬ್ಯಾಡ್ವೇ ಬ್ಯಾಡ. ಆಮೇಲೆ ನೀನ್ ಯೋಳಿದ್ ಆಸ್ಪತ್ರೆಗೆ ಬತ್ತೀನಿ.’

ಮಾದಮ್ಮ ಅವರ ಹೆಂಡತಿ. ಹಾರ್ಮೋನಿಯಂ ಮುಟ್ಟಿ ಆಣೆ ಮಾಡಿ ತಪ್ಪಿದರೆ ಗಂಟಲು ಬಿದ್ದುಹೋಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ನನ್ನ ಗಂಟಲು ಹೋದರೆ ಲೋಕಕ್ಕೇನೂ ನಷ್ಟವಿಲ್ಲ. ಆದರೂ ಹೆದರಿ ಮುಟ್ಟಿದೆ.

‘ನಿಮ್ಗೆ ಎದ್ರಿಕೆ ಆಗಾಕಿಲ್ವಾ?’

‘ಆಯ್ತದೆ. ಪುಟ್ಟರಾಜು ಆ ಮೂರ್ನೇ ಪದದಾಗೆ ತಾಳ ತಪ್ಪುಸ್ಬುಡ್ತಾನೇನೋ ಅಂತ.’

ಆಮೇಲಿನ ದಿನಗಳಲ್ಲಿ ನನಗೆ ನಿದ್ದೆಯೂ ಇಲ್ಲ, ಊಟವೂ ಇಲ್ಲ. ತಾಲೀಮಿನಲ್ಲಿ ಎಲ್ಲರೂ ಮೇಷ್ಟ್ರ ಬೆರಳು ನೋಡುತ್ತಿದ್ದರೆ ನಾನು ಅವರ ಕಾಲು ನೋಡುತ್ತಿದ್ದೆ. ಪೆಡಲು ಒಂದು ತುಳಿತ ತಡವಾದರೆ ನನ್ನ ಎದೆ ಎರಡು ಬಡಿತ ಬಿಡುತ್ತಿತ್ತು. ‘ಸೇನಾಪತಿಗಳು ಶತ್ರು ಬುಟ್ಟು ಮೇಷ್ಟ್ರ ಪಾದ ನೋಡ್ತಾವ್ರೆ, ಭಕ್ತಿ ಜಾಸ್ತಿ ಆಗ್ಬುಟ್ಟದೆ’ ಎಂದು ಪುಟ್ಟರಾಜು ನಗಾಡಿದ. ಮಾದಮ್ಮ ಕಾಫಿ ತಂದುಕೊಟ್ಟು ‘ಯಾಕ್ಲಾ ಮಗ ಇಂಗೆ ಸೊರಗೋದೆ?’ ಎಂದು ಕೇಳಿದರೆ ಲೋಟದೊಳಕ್ಕೇ ಮುಖ ಇಳಿಸುತ್ತಿದ್ದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ ಒಳಗೆ ಹೋಗುತ್ತಿದ್ದಳು.

ರಂಗಮಂದಿರದಲ್ಲಿ ರಾತ್ರಿಗಳೆಲ್ಲ ದೊಡ್ಡ ತಂಡಗಳ ಪಾಲಾಗಿ ನಮಗೆ ಸಿಕ್ಕಿದ್ದು ಹಗಲು. ಬೆಳಿಗ್ಗೆ ಹತ್ತಕ್ಕೆ ಬಣ್ಣ ಬಳಿದುಕೊಂಡು ಕಿರೀಟ ಇಟ್ಟಾಗ ಪುಟ್ಟರಾಜು ‘ಬಿಸ್ಲಾಗೆ ರಾಜ ಆಗಕ್ಕೆ ನಾಚ್ಕೆ ಆಯ್ತದೆ ಕಣ್ಲಾ’ ಎಂದ. ಆದರೂ ಮೂರು ತಾಲ್ಲೂಕಿನಿಂದ ಜನ ಬಂದಿದ್ದರು. ಹಾರ್ಮೋನಿಯಂ ವೇದಿಕೆಯ ಕೆಳಗೆ, ಎಡಗಡೆ. ನಾನು ಬಿದ್ದು ಸಾಯಬೇಕಾದ ಜಾಗದಿಂದ ಕೈ ಚಾಚಿದರೆ ಮೇಷ್ಟ್ರ ತಲೆ ಸಿಗುವಷ್ಟು ಹತ್ತಿರ. ಮಾದಮ್ಮ ಮುಂದಿನ ಸಾಲಿನಲ್ಲಿ.

ಯುದ್ಧದ ದೃಶ್ಯ ಬರುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಅಷ್ಟು ಹೊತ್ತೂ ಮೇಷ್ಟ್ರು ತುಳಿದೇ ತುಳಿದಿದ್ದರು. ಜುಬ್ಬಾ ಬೆನ್ನಿಗೆ ಅಂಟಿತ್ತು. ಪುಟ್ಟರಾಜು ಇರಿದ, ನಾನು ಬಿದ್ದೆ, ‘ಇಳಿಸಿಕೋ ನನ್ನ ಭಾರವ ಧರಣಿ’ ಎಂದು ಶುರು ಮಾಡಿದೆ. ಎರಡನೇ ಸಾಲಿಗೆ ಮೇಷ್ಟ್ರ ಮುಖ ಕಂಡಿತು. ಗೋಡೌನಿನಲ್ಲಿ ನೋಡಿದ್ದ ಅದೇ ಬೂದಿ. ತುಟಿ ಮಾತ್ರ ಹಾಡುತ್ತಿತ್ತು. ನನ್ನ ದನಿ ಒಡೆಯಿತು, ಕಣ್ಣಲ್ಲಿ ಧಾರೆಯಾಗಿ ನೀರಿಳಿದು ಬಣ್ಣ ಕಿವಿಗೆ ಹರಿಯಿತು. ಕೈ ತಾನಾಗಿ ಅವರ ಕಡೆ ಚಾಚಿತು. ಭೂಮಿತಾಯಿಗೆ ಕೈ ಚಾಚಿದ ಎಂದುಕೊಂಡ ಜನ ಉಸಿರು ಹಿಡಿದು ಕೂತರು. ಹಾಡು ಮುಗಿದು ತಲೆ ವಾಲಿಸಿದೆನೋ ಇಲ್ಲವೋ, ಸಭೆ ಭೋರ್ಗರೆಯಿತು.

‘ಒನ್ಸ್ ಮೋರ್!’

ಜನ್ಮದಲ್ಲಿ ಮೊದಲ ಸಲ ನನ್ನ ಹಾಡಿಗೆ ಒನ್ಸ್ ಮೋರ್. ಅದೂ ಇಂಥ ಹೊತ್ತಿನಲ್ಲಿ. ಎದ್ದೆ, ತಿವಿಸಿಕೊಂಡೆ, ಹಾಡಿದೆ. ಹೆದರಿಕೆ ಹೆಚ್ಚಿದಷ್ಟೂ ಹಾಡು ಚೆನ್ನಾಯಿತು. ಮೇಷ್ಟ್ರ ಉಸಿರು ಹಾರ್ಮೋನಿಯಂ ಉಸಿರಿಗಿಂತ ಜೋರಾಗಿ ಕೇಳುತ್ತಿತ್ತು. ಸತ್ತೆ.

‘ಒನ್ಸ್ ಮೋರ್! ಒನ್ಸ್ ಮೋರ್!’

ಈ ಸಲ ನಾನು ಏಳಲಿಲ್ಲ. ಎದ್ದರೆ ಅವರು ತುಳಿಯುತ್ತಾರೆ, ತುಳಿದರೆ ಸಾಯುತ್ತಾರೆ. ಕಣ್ಣು ಬಿಗಿಯಾಗಿ ಮುಚ್ಚಿದೆ. ಮೇಷ್ಟ್ರು ಹಾಡಿನ ಎತ್ತುಗಡೆ ನುಡಿಸಿದರು. ಇನ್ನೊಮ್ಮೆ ನುಡಿಸಿದರು.

‘ಏಳ್ಲಾ ಮಂಜ, ಮರ್ಯಾದೆ ತೆಗೀಬ್ಯಾಡ’ ಎಂದು ಪುಟ್ಟರಾಜು ಕತ್ತಿಯ ತುದಿಯಲ್ಲಿ ಪಕ್ಕೆ ತಿವಿದ.

‘ಸೇನಾಪತಿ ಸತ್ಯವಾಗ್ಲೂ ಸತ್ತೋದ್ನೇನ್ರಪ್ಪೋ!’ ಯಾರೋ ಹಿಂದಿನಿಂದ ಕೂಗಿದರು. ಸಿಳ್ಳೆ, ಬೈಗುಳ. ಕೊಬ್ಬರಿ ಚೂರೊಂದು ಬಂದು ಹಣೆಗೆ ಬಡಿಯಿತು. ನಾನು ಸತ್ತೇ ಇದ್ದೆ.

ಆಗ ಹಾರ್ಮೋನಿಯಂ ನಿಂತುಹೋಯಿತು.

ನನ್ನ ಬದುಕಿನಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು. ಕಣ್ಣು ಬಿಡಬೇಕು, ಬಿಟ್ಟರೆ ಏನು ಕಾಣುತ್ತದೋ. ಬಿಟ್ಟೆ.

ಮೇಷ್ಟ್ರು ಕೂತೇ ಇದ್ದರು. ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಮಾದಮ್ಮ ಮುಂದಿನ ಸಾಲಿನಿಂದ ಎದ್ದು ಬಂದು, ಸೆರಗು ಸಿಕ್ಕಿಸಿ, ಹಾರ್ಮೋನಿಯಂ ಪಕ್ಕ ನೆಲದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಳು. ಗಂಡನ ಎರಡೂ ಕಾಲುಗಳನ್ನು ಪೆಡಲಿನಿಂದ ತೆಗೆದು ಆಚೆಗಿಟ್ಟು, ತಾನೇ ಪೆಡಲನ್ನು ಕೈಯಲ್ಲಿ ಒತ್ತತೊಡಗಿದಳು. ತಲೆಯೆತ್ತಿ ನನಗೆ ಹೇಳಿದಳು: ‘ಏಳ್ ಮಗ. ಮೂವತ್ ವರ್ಸ ಪಕ್ದಾಗೆ ಮಲಗ್ದೋಳಿಗೆ ಉಸ್ರು ಗೊತ್ತಾಗಾಕಿಲ್ವಾ? ಇವ್ರು ಬಾಯ್ ಬುಡಾಕಿಲ್ಲ. ನೀನ್ ಹಾಡು, ನಾನ್ ಗಾಳಿ ಆಕ್ತೀನಿ.’

ನಾನು ಎದ್ದೆ. ಮೇಷ್ಟ್ರು ಬೆರಳಾಡಿಸಿದರು. ಪಲ್ಲವಿಗೆ ಬಂದಾಗ ನನ್ನ ಗಂಟಲು ಪೂರ್ತಿ ಕೈಕೊಟ್ಟಿತು. ಆದರೆ ಹಾಡು ನಿಲ್ಲಲಿಲ್ಲ. ಮುಂದಿನ ಸಾಲಿನಿಂದ ಹಿಡಿದು ಬಾಗಿಲ ಬಳಿ ನಿಂತವರವರೆಗೆ ಎಲ್ಲರೂ ಹಾಡುತ್ತಿದ್ದರು. ನನ್ನನ್ನು ಕೊಂದು ನಿಂತಿದ್ದ ಪುಟ್ಟರಾಜು ಕೂಡ ಹಾಡಿದ. ತಾಳ ತಪ್ಪಿಯೇ ಹಾಡಿದ.

ಆಟ ಮುಗಿದು ಬಣ್ಣದ ಕೋಣೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುವಾಗ ಮೇಷ್ಟ್ರು ಬೆಂಚಿನ ಮೇಲೆ ಮಲಗಿದ್ದರು. ಓನರಿನ ಓಮ್ನಿ ಮೈಸೂರಿಗೆ ಹೊರಡಲು ಹೊರಗೆ ನಿಂತಿತ್ತು. ತಡೆಯಲಾರದೆ ಕೇಳಿಯೇ ಬಿಟ್ಟೆ: ‘ಅಲ್ಲ ಮೇಷ್ಟ್ರೇ, ಹಳೇ ನಾಟ್ಕ, ಹಳೇ ಪದ, ಎಲ್ರಿಗೂ ಬರೋ ಅಂಥದ್ದು. ಜೀವ ಒತ್ತೆ ಇಟ್ಟು ಆಡ್ಸೋ ಅಂಥದ್ದು ಏನದೆ ಅದ್ರಾಗೆ?’

‘ಹತ್ರ ಬಾ’ ಎಂದರು. ಹೊಡೆಯುತ್ತಾರೇನೋ ಎಂದು ಹೆದರಿಯೇ ಹೋದೆ. ‘ನಮ್ಮಪ್ಪ ಸತ್ತಾಗ ನಮ್ಮವ್ವ ಏಳು ಅಂತ ಬಡ್ಕೊಂಡ್ಲು. ಎದ್ನಾ? ಊರ್ಗೂರೇ ಅತ್ತು ಕರೀತು. ಎದ್ನಾ? ಇಲ್ಲಿ ನೋಡು, ಜನ ಕೂಗುದ್ರೆ ಸತ್ತೋನು ಏಳ್ತಾನೆ. ಬ್ಯಾರೆಲ್ಲೂ ಏಳಾಕಿಲ್ಲ ಕಣ್ಲಾ. ಮೂವತ್ ವರ್ಸ ಅದ್ನ ನೋಡಕ್ಕೇ ನಾನ್ ತುಳೀತಾ ಇರೋದು. ಇವತ್ತು ನೀನು ಅದ್ನೇ ಕೆಡುಸ್ತಿದ್ದಲ್ಲೋ, ಪುಕ್ಲ ನನ್ಮಗ್ನೆ.’

ಮಾದಮ್ಮ ಅವರ ಎದೆಯ ಮೇಲಿದ್ದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ‘ಮಾತ್ ಸಾಕು’ ಎಂದಳು.

ಮೈಸೂರಿನಲ್ಲಿ ಎದೆ ಬಿಚ್ಚಿ ಹೊಲಿದು ಕಳಿಸಿದರು. ಅದಾದ ಮುಂದಿನ ವರ್ಷವೇ ಚನ್ನರಾಯಪಟ್ಟಣದ ಕಡೆಯ ಒಂದು ಊರಲ್ಲಿ ಕಲಿಸಲು ಒಪ್ಪಿಕೊಂಡು ಬಂದರು. ಈಗ ಅವರು ಬೆರಳಾಡಿಸುತ್ತಾರೆ, ಮಾದಮ್ಮ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ತುಳಿಯುತ್ತಾಳೆ. ಅಂಗಡಿಗೆ ರಜಾ ಹಾಕಿ, ಅದಕ್ಕೆ ಓನರಿನಿಂದ ಬೈಸಿಕೊಂಡು, ಸೇನಾಪತಿಯಾಗಲು ನಾನೇ ಹೋಗುತ್ತೇನೆ. ಒನ್ಸ್ ಮೋರ್ ಎಂದಾಗಲೆಲ್ಲ ಏಳುತ್ತೇನೆ. ನನ್ನ ಅಭಿನಯದಲ್ಲಿ ಒಂದೇ ದೋಷ ಉಳಿದುಕೊಂಡಿದೆ, ನೋಡಿದವರೆಲ್ಲ ಎತ್ತಿ ಆಡುತ್ತಾರೆ. ಸಾಯುವಾಗ ಹಾರ್ಮೋನಿಯಂ ಕಡೆಯ ಕಣ್ಣನ್ನು ನಾನು ಮುಚ್ಚುವುದಿಲ್ಲ.