ಭುಜದ ಮೇಲಿನ ಬೆರಳು

ಮಳವಳ್ಳಿಯ ನನ್ನ ಫ್ಲೆಕ್ಸ್ ಅಂಗಡಿಗೆ ಅರುಂಧತಕ್ಕ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಯಿತು. ನಮಗೆ ಬರುವುದು ಹೆಚ್ಚಾಗಿ ಶ್ರದ್ಧಾಂಜಲಿ ಫ್ಲೆಕ್ಸು. ನಮ್ಮ ಕಡೆಯವರು ಒಬ್ಬರೇ ನಿಂತು ಫೋಟೊ ತೆಗೆಸಿಕೊಳ್ಳುವುದು ಕಡಿಮೆ. ಸತ್ತವರನ್ನು ಯಾರದೋ ಮದುವೆಯ ಗುಂಪಿನ ಫೋಟೊದಿಂದ ಬಿಡಿಸಬೇಕು. ಅಕ್ಕ ಮೌಸ್ ಹಿಡಿದು, ಇರುವೆ ನಡೆದಂತೆ ಕೂದಲಿನ ಅಂಚು ಸುತ್ತಿ ಬರುತ್ತಿದ್ದರು. ಭುಜದ ಮೇಲೆ ಪಕ್ಕದವರ ಕೈಯಿದ್ದರೆ ಅಳಿಸಿ, ಆ ಜಾಗಕ್ಕೆ ಅಂಗಿಯ ಬಣ್ಣ ತುಂಬುತ್ತಿದ್ದರು. ಒಂದು ಫೋಟೊಗೆ ಒಂದು ಗಂಟೆ ಹಿಡಿಯುತ್ತಿತ್ತು.

ಹೋದ ವರ್ಷ ನಾನು ಟಚ್ ಸ್ಕ್ರೀನ್ ತಂದೆ. ಮುಖದ ಮೇಲೆ ಬೆರಳಿಟ್ಟರೆ ಸಾಕು, ಮನುಷ್ಯ ತಾನಾಗಿಯೇ ಗುಂಪಿನಿಂದ ಬೇರೆಯಾಗುತ್ತಾನೆ.

"ಇನ್ನು ಮೌಸ್ ಕತೆ ಮುಗೀತು ಕಣಕ್ಕ," ಅಂದೆ. ನನ್ನ ಆ ಬಾಯಿಗೆ ಮಣ್ಣು ಹಾಕಬೇಕಿತ್ತು. ಅಕ್ಕ ಮೌಸನ್ನು ಡ್ರಾಯರಿನೊಳಗಿಟ್ಟು, ಫ್ಲೆಕ್ಸ್ ಮಡಿಸಿಕೊಡುವ ಕೆಲಸಕ್ಕೆ ನಿಂತರು.

ಮೊನ್ನೆ ಅವರ ಗಂಡ ಸಿದ್ಧರಾಜಣ್ಣ ತೀರಿಕೊಂಡರು. ಇದ್ದದ್ದು ಗಂಡ ಹೆಂಡತಿ ಜೊತೆಗಿದ್ದ ಒಂದೇ ಫೋಟೊ. ನಾನೇ ಅಣ್ಣನ ಮುಖದ ಮೇಲೆ ಬೆರಳಿಟ್ಟೆ. ಅಕ್ಕ ಮಾಯವಾದರು, ಆದರೆ ಅಣ್ಣನ ಭುಜದ ಮೇಲೆ ಅವರ ನಾಲ್ಕು ಬೆರಳು ಉಳಿದುಬಿಟ್ಟವು. ಸ್ಕ್ರೀನಿನ ಮೇಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲ. ತಿಕ್ಕಿದಷ್ಟೂ ಅಂಗಿಯೇ ಹರಿಯಿತು.

ಫ್ಲೆಕ್ಸ್ ನೋಡಲು ತಮ್ಮೂರು ಬೆಳಕವಾಡಿಯಿಂದ ಬಂದ ಅಕ್ಕ ತಾವೇ ಡ್ರಾಯರ್ ಎಳೆದು, ಮೌಸ್ ಸಿಕ್ಕಿಸಿ ಕೂತರು. ಹರಿದ ಅಂಗಿಯನ್ನು ಸರಿ ಮಾಡಿದರು. ಆಮೇಲೆ ಮೌಸಿನ ಬಾಣ ಆ ಬೆರಳುಗಳ ಮೇಲೆ ಹೋಗಿ ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತ್ತು.

"ಅಳಿಸ್ಬುಡಕ್ಕ. ನಿನ್ನಷ್ಟು ಚೆಂದಾಗಿ ನಂಗೆ ಬರಕಿಲ್ಲ," ಅಂದೆ.

ಅಕ್ಕ ಮೌಸಿನಿಂದ ಕೈ ತೆಗೆದರು.

"ಬುಡು ಯತೀಸ. ಅವಾದ್ರೂ ಜೊತೇಲಿರ್ಲಿ."