ಹತ್ತನೆಯ ಹೆಸರು

ಕೊಟ್ಟೂರಿನ ಗಾದಿಲಿಂಗಪ್ಪನವರು ಹನ್ನೊಂದು ವರ್ಷಗಳಿಂದ ಬೇಸಿಗೆ ತರಗತಿಗೆ ಮಾತ್ರ ಉಪನ್ಯಾಸಕರು; ಜೂನ್ ಬಂತೆಂದರೆ ಬರೀ ಗಾದಿಲಿಂಗಪ್ಪ. ವಿಶ್ವವಿದ್ಯಾಲಯದ ನೇಮಕಾತಿ ಆದೇಶದಲ್ಲಿ ಅವರ ಹೆಸರಿಗಿಂತ ‘ತಾತ್ಕಾಲಿಕ’ ಎಂಬ ಪದವೇ ದಪ್ಪಕ್ಷರದಲ್ಲಿರುತ್ತದೆ. ಹತ್ತು ವಿದ್ಯಾರ್ಥಿಗಳು ಸೇರದಿದ್ದರೆ ತರಗತಿಯೂ ರದ್ದು, ಅವರೂ ರದ್ದು. ಹಾಗಾಗಿ ಏಪ್ರಿಲ್ ಪೂರ್ತಿ ಅರ್ಜಿ ಫಾರಂ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತು, ಉಜ್ಜಿನಿ ಬಸ್ಸಿನಿಂದ ಇಳಿದವರನ್ನೆಲ್ಲ “ಇತಿಹಾಸ ಓದ್ತೀರೇನ್ರಿ?” ಎಂದು ಕೇಳುತ್ತಾರೆ. “ನಾನು ಕುರಿ ಮಾರಾಕ ಬಂದೀನ್ರಿ” ಎಂದವನ ಕೈಗೂ ಫಾರಂ ತುರುಕುತ್ತಾರೆ. ಈ ಸಲ ಒಂಬತ್ತೇ ಜನ ಸಿಕ್ಕರು. ಆದರೂ ತರಗತಿ ನಡೆಯಿತು. ಮೊದಲ ದಿನ ಹಾಜರಿ ಕರೆಯುತ್ತ ಹತ್ತನೆಯ ಹೆಸರಿಗೆ ಬಂದರು: “ಗಾದಿಲಿಂಗಪ್ಪ.” ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ಕೊನೆಯ ಬೆಂಚಿಗೆ ನಡೆದು ಹೋಗಿ, ಮೇಜಿನ ಹಿಂದಿನ ತಮ್ಮ ಖಾಲಿ ಕುರ್ಚಿಯತ್ತ ತಿರುಗಿ ನಿಂತು, “ಬಂದೀನ್ರಿ ಸಾರ್” ಎಂದರು.